ಲಿಯಾಳ ಗೆಳತಿಯರು

ಮಕ್ಕಳೇ, ಈ ವಾರದ ಮಾತು ಸ್ವಲ್ಪ ಭಾರವಾದದ್ದು. ಅಪ್ಪ, ಅಮ್ಮ ಇಲ್ಲವೇ ಅಜ್ಜಿಯ ಜೊತೆ ಕೂತು ಓದಿ. ಯೇಸುವನ್ನು ನಂಬಿದ ಕಾರಣಕ್ಕೇ ಮನೆ, ಶಾಲೆ ಎಲ್ಲವನ್ನೂ ಕಳೆದುಕೊಂಡ ಮಕ್ಕಳು ಈ ಜಗತ್ತಿನಲ್ಲಿದ್ದಾರೆ. ಅವರಲ್ಲಿ ಒಬ್ಬಳ ಹೆಸರನ್ನು ನಿಮಗೆ ಹೇಳಬೇಕು ಅನ್ನಿಸಿತು.

ಆಫ್ರಿಕಾದ ನೈಜೀರಿಯಾ ದೇಶದ ಈಶಾನ್ಯ ಭಾಗದಲ್ಲಿ ದಾಪ್ಚಿ ಎಂಬ ಊರಿದೆ. ಅಲ್ಲೊಂದು ಹೆಣ್ಣುಮಕ್ಕಳ ಸರ್ಕಾರಿ ವಸತಿ ಶಾಲೆ. 2018ರ ಫೆಬ್ರವರಿ 19ರ ಸಂಜೆ ಬೊಕೊ ಹರಾಮ್ ಉಗ್ರರ ಒಂದು ಬಣ ಆ ಶಾಲೆಗೆ ನುಗ್ಗಿ 110 ಹುಡುಗಿಯರನ್ನು ಹೊತ್ತೊಯ್ದಿತು. ಅವರಲ್ಲಿ ಹೆಚ್ಚಿನವರು ಮುಸ್ಲಿಂ ಮನೆಯವರು. ಲಿಯಾ ಶರಿಬು ಕ್ರೈಸ್ತ ಹುಡುಗಿ. ಆಗ ಅವಳಿಗೆ 14 ವರ್ಷ.

ಒಂದು ತಿಂಗಳ ಮೇಲೆ, ಮಾರ್ಚ್ 21ರಂದು, ಉಗ್ರರೇ ಹುಡುಗಿಯರನ್ನು ಊರಿಗೆ ತಂದು ಬಿಟ್ಟುಹೋದರು. ಐವರು ಬದುಕುಳಿದಿರಲಿಲ್ಲ. ಮಿಕ್ಕವರ ನಡುವೆ ತಾಯಿ ರೆಬೆಕಾ ಮಗಳಿಗಾಗಿ ಹುಡುಕಿದರು. ಲಿಯಾ ಇರಲಿಲ್ಲ. ಅವಳ ಗೆಳತಿಯರು ನಡೆದದ್ದನ್ನು ಹೇಳಿದರು. ಕ್ರೈಸ್ತ ನಂಬಿಕೆ ಬಿಟ್ಟರೆ ಮಾತ್ರ ಮನೆಗೆ ಕಳಿಸುತ್ತೇವೆ ಎಂದು ಉಗ್ರರು ಹೇಳಿದ್ದರಂತೆ. ಅವಳು ಒಪ್ಪಲಿಲ್ಲ. ಬಾಯಿಮಾತಿಗಾದರೂ ಹೂಂ ಅಂದುಬಿಡು, ನಮ್ಮ ಜೊತೆ ಬಂದುಬಿಡು ಎಂದು ಗೆಳತಿಯರು ಗೋಗರೆದರಂತೆ. ಆಗಲೂ ಅವಳು ಒಪ್ಪಲಿಲ್ಲ. ನನಗಾಗಿ ಪ್ರಾರ್ಥಿಸಲು ಅಮ್ಮನಿಗೆ ಹೇಳಿ ಎಂದಷ್ಟೇ ಹೇಳಿ ಕಳಿಸಿದ್ದಳು. ನಾನಿದನ್ನು ಬರೆಯುವ ಹೊತ್ತಿಗೂ ಅವಳು ಮನೆಗೆ ಮರಳಿಲ್ಲ.

ಲಿಯಾಳ ಧೈರ್ಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಮನಸ್ಸು ಮಾತ್ರ ಆ ಗೆಳತಿಯರ ಹತ್ತಿರವೂ ನಿಲ್ಲುತ್ತದೆ. ಅವರು ಮುಸ್ಲಿಂ ಹುಡುಗಿಯರು. ತಮ್ಮ ಜೀವವೇ ಉಗ್ರರ ಕೈಯಲ್ಲಿದ್ದಾಗಲೂ ಕ್ರೈಸ್ತ ಗೆಳತಿಗಾಗಿ ಕಣ್ಣೀರಿಟ್ಟು, ಅವಳ ಸುದ್ದಿಯನ್ನು ಅವಳ ತಾಯಿಗೆ ಮುಟ್ಟಿಸಿದರು. ಲಿಯಾಳನ್ನು ಹಿಡಿದಿಟ್ಟವರು ಧರ್ಮದ ಹೆಸರು ಹೇಳಿದರು ಅಂತ ಆ ಧರ್ಮದ ಎಲ್ಲರನ್ನೂ ದೂರುವುದಾದರೆ ಈ ಗೆಳತಿಯರನ್ನು ಎಲ್ಲಿಡೋಣ?

ಇದಕ್ಕೆ ನಾಲ್ಕು ವರ್ಷ ಮೊದಲು, 2014ರ ಏಪ್ರಿಲ್ 14ರ ರಾತ್ರಿ, ಅದೇ ಸೀಮೆಯ ಚಿಬೊಕ್ ಊರಿನ ಶಾಲೆಯಿಂದ 276 ಹುಡುಗಿಯರನ್ನು ಅಪಹರಿಸಿದ್ದರು. ಪರೀಕ್ಷೆ ಬರೆಯಲು ಬಂದಿದ್ದ ಆ ಮಕ್ಕಳಲ್ಲಿ ಹೆಚ್ಚಿನವರು ಕ್ರೈಸ್ತರು. ಲಾರಿಯಿಂದ ಜಿಗಿದು, ಪೊದೆಗಳಲ್ಲಿ ಅಡಗಿ 57 ಮಂದಿ ತಪ್ಪಿಸಿಕೊಂಡರು. ಆ ವರ್ಷ ಜುಲೈನಲ್ಲಿ, ತನ್ನ 17ನೇ ಹುಟ್ಟುಹಬ್ಬದ ಹೊತ್ತಿಗೆ, ಪಾಕಿಸ್ತಾನದ ಮಲಾಲಾ ಯೂಸುಫ್‌ಝೈ ನೈಜೀರಿಯಾಕ್ಕೆ ಹೋಗಿ ಆ ಹುಡುಗಿಯರ ತಂದೆತಾಯಿಗಳನ್ನು ಕಂಡಳು. ಹೆಣ್ಣುಮಕ್ಕಳ ಓದಿನ ಪರವಾಗಿ ಮಾತಾಡಿದ್ದಕ್ಕೇ ಗುಂಡೇಟು ತಿಂದಿದ್ದ ಹುಡುಗಿ ಅವಳು. ರಾಜಧಾನಿ ಅಬುಜಾದಲ್ಲಿ ಜನ ದಿನವೂ ಸೇರಿ ‘ನಮ್ಮ ಹುಡುಗಿಯರನ್ನು ಮರಳಿ ತನ್ನಿ’ ಎಂದು ಕೂಗಿದರು. 2016ರ ಅಕ್ಟೋಬರ್‌ನಲ್ಲಿ 21 ಮಂದಿ, 2017ರ ಮೇ ತಿಂಗಳಲ್ಲಿ 82 ಮಂದಿ ಬಿಡುಗಡೆಯಾದರು. ಯೋಲಾ ನಗರದ ಅಮೆರಿಕನ್ ಯೂನಿವರ್ಸಿಟಿ ಆಫ್ ನೈಜೀರಿಯಾ ಅವರಿಗೆ ಮತ್ತೆ ಓದುವ ಅವಕಾಶ ಕೊಟ್ಟಿತು. ಇನ್ನೂ ಹಲವರು ಬಂದಿಲ್ಲ.

ಬಿಡುಗಡೆಯಾದ ಮಗುವಿಗೆ ಬೇಕಾದದ್ದು ಹೂಮಾಲೆಯಲ್ಲ ಮಕ್ಕಳೇ. ಭಯವಿಲ್ಲದೆ ಮಲಗಲು ಒಂದು ಹಾಸಿಗೆ, ಬಿಟ್ಟಲ್ಲಿಂದ ಓದು ಮುಂದುವರಿಸಲು ಒಂದು ಬೆಂಚು, ಕೆದಕಿ ಕೇಳದೆ ಜೊತೆಗೆ ಕೂರುವ ಒಬ್ಬರು. ಉಗ್ರರ ಬಳಿ ಇದ್ದು ಬಂದವಳು ಎಂದು ಸ್ವಂತ ಊರಿನವರೇ ಅನುಮಾನದಿಂದ ನೋಡಿದ ಹುಡುಗಿಯರೂ ಅಲ್ಲಿದ್ದಾರೆ. ಪ್ರಾಣಭಯದಿಂದ ಉಗ್ರರು ಹೇಳಿದಂತೆ ಹೇಳಿ ಬದುಕಿ ಬಂದ ಮಗುವೂ ಲಿಯಾಳಷ್ಟೇ ನಮ್ಮ ಮಗು. ವೀರಳಾದರೆ ಮಾತ್ರ ಅಪ್ಪಿಕೊಳ್ಳುತ್ತೇವೆ ಅನ್ನುವ ಹಕ್ಕು ದೊಡ್ಡವರಾದ ನಮಗಿಲ್ಲ.

ಅಷ್ಟು ದೂರದವರಿಗೆ ನಾವೇನು ಮಾಡಬಹುದು ಎಂದು ಕೇಳುತ್ತೀರಿ. ಪ್ರಾರ್ಥಿಸುವ ಮನೆಯವರಾದರೆ ಲಿಯಾಳ ಹೆಸರು ಹಿಡಿದೇ ಪ್ರಾರ್ಥಿಸಿ. ಹೆಸರು ಹೇಳುವವರು ಇರುವವರೆಗೂ ಅವಳು ಬರೀ ಒಂದು ಲೆಕ್ಕವಾಗುವುದಿಲ್ಲ. ಇನ್ನೊಂದು ಕೆಲಸ ನಿಮ್ಮ ತರಗತಿಯಲ್ಲೇ ಇದೆ. ಯಾರದಾದರೂ ಕೊರಳ ಶಿಲುಬೆಯನ್ನೋ, ತಲೆಯ ಟೋಪಿಯನ್ನೋ, ಹಣೆಯ ಕುಂಕುಮವನ್ನೋ ನೋಡಿ ಉಳಿದವರು ನಕ್ಕರೆ, ಎದ್ದು ಹೋಗಿ ಆ ಮಗುವಿನ ಪಕ್ಕದಲ್ಲಿ ಕೂತುಕೊಳ್ಳಿ. ಟೀಚರಿಗೂ ಹೇಳಿ. ಅದು ಚಾಡಿಯಲ್ಲ.

ಹಿರಿಯರಿಗೂ ಎರಡು ಮಾತು. ಇಂಥ ಮಕ್ಕಳಿಗೆಂದು ಹಣ ಕೊಡುವಾಗ, ಅದು ಓದಿಗೆ ಹೋಗುತ್ತದೆಯೇ, ಎಷ್ಟು ವರ್ಷ ಜೊತೆಗಿರುತ್ತಾರೆ ಎಂದು ವಿಚಾರಿಸಿ ಕೊಡಿ. ನೊಂದ ಮಗುವಿನ ಫೋಟೋ ಮೊಬೈಲಿಗೆ ಬಂದರೆ ಮುಂದೆ ಕಳಿಸಬೇಡಿ; ಆ ಮಗು ನಾಳೆ ಅದೇ ಊರಿನಲ್ಲಿ ಬದುಕಬೇಕು.

ಆ ಗೆಳತಿಯರ ಕೈಯಲ್ಲಿ ಲಿಯಾಳನ್ನು ಬಿಡಿಸುವ ಶಕ್ತಿ ಇರಲಿಲ್ಲ. ಆದರೆ ಅವಳನ್ನು ಮರೆತು ಮನೆ ಸೇರಲಿಲ್ಲ. ನಿಮ್ಮಿಂದಲೂ ಅಷ್ಟಾದರೆ ಸಾಕು.