ಸಿಯೆರಾ ಲಿಯೋನ್: ಮಾತುಕತೆಗೆ ಇಮಾಮರು, ಬಿಷಪರು, ಬಂದೂಕಿಗೆ ಯಾರು?

ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ನಡೆದದ್ದು ಧರ್ಮದ ಜಗಳವಲ್ಲ. ಎರಡೂ ಕಡೆ ಮುಸ್ಲಿಮರಿದ್ದರು, ಕ್ರೈಸ್ತರಿದ್ದರು. ಹಾಗಾಗಿಯೇ 1997ರಲ್ಲಿ ಇಮಾಮರು, ಬಿಷಪರು ಸೇರಿ ಕಟ್ಟಿದ ಅಂತರಧರ್ಮೀಯ ಮಂಡಳಿಯ ಮಾತಿಗೆ ಬೆಲೆಯಿತ್ತು. ಅವರು ಸರಕಾರವನ್ನೂ ಕಂಡರು, ಬಂಡುಕೋರ ನಾಯಕ ಫೋಡೆ ಸಂಕೋನನ್ನೂ ಕಂಡರು. ಅಪಹರಿಸಲ್ಪಟ್ಟ ಮಕ್ಕಳಲ್ಲಿ ಕೆಲವರನ್ನು ಬಿಡಿಸಿದರು. 1999ರ ಜುಲೈಯಲ್ಲಿ ಲೋಮೆ ಒಪ್ಪಂದವೂ ಆಯ್ತು.

ಆದರೆ ಅದರಲ್ಲಿ ಜನರ ಕೈ ಕಡಿದವರಿಗೂ ಸಾರಾಸಗಟು ಕ್ಷಮೆ! ಕೈ ಕಳಕೊಂಡವರನ್ನು ಕೇಳಿದ್ದು ಯಾರು? ಅಷ್ಟಾದರೂ ಬಂದೂಕು ಇಳಿಯಲಿಲ್ಲ. 2000ದ ಮೇಯಲ್ಲಿ ಬಂಡುಕೋರರು ವಿಶ್ವಸಂಸ್ಥೆಯ ಶಾಂತಿಪಾಲಕರನ್ನೇ ಒತ್ತೆ ಇಟ್ಟುಕೊಂಡರು. ಕೈಲಾಹುನ್‌ನಲ್ಲಿ ನಮ್ಮ ಭಾರತದ ಯೋಧರೂ ಮುತ್ತಿಗೆಗೆ ಸಿಲುಕಿದರು. 70 ಸಾವಿರಕ್ಕೂ ಹೆಚ್ಚು ಮಂದಿಯ ಆಯುಧ ಇಳಿಸಲು ಕೊನೆಗೆ ಹೊರಗಿನ ಸೈನ್ಯವೇ ಬೇಕಾಯ್ತು.

ಹಾಗಂತ ಮಂಡಳಿ ಸೋತಿತು ಅನ್ನಲಾರೆ. ಮಾತಿನ ಬಾಗಿಲು ತೆರೆದದ್ದು ಅವರೇ. ಕ್ಷಮೆಯ ವಿಷಯದಲ್ಲಿ ಮಾತ್ರ ಸಂತ್ರಸ್ತರ ಪರ ಇನ್ನಷ್ಟು ಗಟ್ಟಿಯಾಗಿ ನಿಲ್ಲಬೇಕಿತ್ತು. ಸಂಕೋ 2003ರಲ್ಲಿ ವಿಚಾರಣೆ ಮುಗಿಯುವ ಮೊದಲೇ ಬಂಧನದಲ್ಲಿ ಸತ್ತ.