ಬಿಳಿಯ ತಟ್ಟೆ, ಬಿಳಿಯ ಅನ್ನ

ಮುಪ್ಪಿನ ಮರೆವಿಗೆ ‘ಅರಳು ಮರಳು’ ಎಂಬ ಹೆಸರು ಹಳೆಯದು. ಆದರೆ ಮಿದುಳನ್ನು ಕ್ರಮೇಣ ಕ್ಷೀಣಗೊಳಿಸುವ ಆಲ್‌ಝೈಮರ್ ವ್ಯಾಧಿಯು ನೆನಪನ್ನಷ್ಟೇ ಅಲ್ಲ, ನೋಟವನ್ನೂ ಕೆಡಿಸಬಲ್ಲುದೆಂಬುದು ಬಹು ಮಂದಿಗೆ ತಿಳಿಯದು. ತಾತನವರು ತಟ್ಟೆಯಲ್ಲಿ ಅನ್ನ ಬಿಟ್ಟೆದ್ದರೆ ಹಸಿವಿಲ್ಲವೆನ್ನುತ್ತಾರೆ. ಬಾಗಿಲ ಬಳಿಯ ಕಪ್ಪು ಕಾಲೊರಸನ್ನು ದಾಟಲೊಲ್ಲದೆ ನಿಂತರೆ ಹಟವೆನ್ನುತ್ತಾರೆ. ಕಣ್ಣಿನ ವೈದ್ಯರು ಪರೀಕ್ಷಿಸಿ, ಕಣ್ಣಿನಲ್ಲಿ ದೋಷವಿಲ್ಲವೆಂದು ಹೇಳಿ ಕಳುಹಿಸುವುದೂ ಉಂಟು. ಮನೆಯವರ ಸಿಟ್ಟಿಗೆ ಇನ್ನೇನು ಬೇಕು!

ಕಣ್ಣು ಬೆಳಕನ್ನು ಹಿಡಿದೊಪ್ಪಿಸುತ್ತದೆ, ಅಷ್ಟೆ. ಕಂಡದ್ದು ಇಂಥದೆಂದು ಅರಿಯುವ ಕೆಲಸ ಮಿದುಳಿನದು. ಅದರ ಹಿಂಭಾಗಕ್ಕೆ ವ್ಯಾಧಿ ತಗುಲಿದಾಗ ಬಿಳುಪಿನ ಮೇಲಣ ಬಿಳುಪು ಬೇರೆಯಾಗಿ ತೋರದು. ಮೆಟ್ಟಿಲ ಅಂಚು ನೆಲದಲ್ಲಿ ಕರಗಿಹೋಗುತ್ತದೆ. ಕಪ್ಪು ಕಾಲೊರಸು ಹಳ್ಳದಂತೆ ಕಂಡೀತು.

ಕೆಲವರಲ್ಲಿ ವ್ಯಾಧಿಯು ನೆನಪಿಗಿಂತ ಮುಂಚೆ ನೋಟಕ್ಕೇ ಕೈಹಾಕುತ್ತದೆ. ಈ ರೂಪವನ್ನು 1988ರಲ್ಲಿ ಅಮೆರಿಕದ ನರವೈದ್ಯ ಫ್ರಾಂಕ್ ಬೆನ್ಸನ್ ಮತ್ತು ಸಂಗಡಿಗರು ಪ್ರತ್ಯೇಕವಾಗಿ ವರ್ಣಿಸಿದರು. ‘ಡಿಸ್ಕ್‌ವರ್ಲ್ಡ್’ ಕಥಾಮಾಲೆಯ ಆಂಗ್ಲ ಕಾದಂಬರಿಕಾರ ಟೆರಿ ಪ್ರಾಟ್ಚೆಟ್ಟರಿಗೆ 2007ರಲ್ಲಿ ತಿಳಿದುಬಂದುದು ಇದೇ. ಬೆರಳಚ್ಚು ಮಾಡುವುದು ಅವರಿಗೆ ಅಸಾಧ್ಯವಾಯಿತು. ಕಥೆ ಹೊಳೆಯುವುದು ಮಾತ್ರ ನಿಲ್ಲಲಿಲ್ಲ. 2015ರಲ್ಲಿ ತೀರಿಕೊಳ್ಳುವ ಮುನ್ನ ಬಾಯಿಂದ ಹೇಳಿ ಬರೆಯಿಸಿಯೇ ಹಲವು ಕಾದಂಬರಿಗಳನ್ನು ಮುಗಿಸಿದರು.

ಗೃಹಿಣಿಯರಿಗೆ ರುಚಿಸುವ ಸಂಗತಿ ಇನ್ನೊಂದಿದೆ. ಬಾಸ್ಟನ್ನಿನ ಸಂಶೋಧಕರು ವ್ಯಾಧಿ ಬಲಿತ ಕೆಲವೇ ಮಂದಿಗೆ ಬಿಳಿಯ ತಟ್ಟೆ ಲೋಟಗಳ ಬದಲು ಕಡುಗೆಂಪಿನವನ್ನು ಕೊಟ್ಟು ನೋಡಿದರು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರ ಊಟ ಶೇಕಡಾ 25ರಷ್ಟು, ಕುಡಿತದ ದ್ರವ ಶೇಕಡಾ 84ರಷ್ಟು ಹೆಚ್ಚಿತು! ಅಡಿಗೆ ಬದಲಾಗಿರಲಿಲ್ಲ. ಕೆಂಪು ಬಣ್ಣದಲ್ಲಿಯೂ ಮಂತ್ರವಿಲ್ಲ. ಕಡುನೀಲಿಯೂ ಹಾಗೆಯೇ ಫಲಿಸಿತು, ತಿಳಿಬಣ್ಣಗಳು ಫಲಿಸಲಿಲ್ಲ. ಊಟಕ್ಕೂ ತಟ್ಟೆಗೂ ಇರುವ ಬಣ್ಣದ ಅಂತರವೇ ಮುಖ್ಯ. ಆ ಲೆಕ್ಕದಲ್ಲಿ ಮೊಸರನ್ನಕ್ಕೆ ಪಿಂಗಾಣಿ ತಟ್ಟೆಗಿಂತ ಬಾಳೆಯೆಲೆ ಎಷ್ಟೋ ಮೇಲು.

ಮಿಕ್ಕದ್ದಕ್ಕೂ ಹೆಚ್ಚು ಖರ್ಚಿಲ್ಲ. ಮೆಟ್ಟಿಲ ಅಂಚಿಗೆ ಎದ್ದು ಕಾಣುವ ಹಳದಿ ಪಟ್ಟಿ ಎಳೆಯಬಹುದು. ಕಪ್ಪು ಕಾಲೊರಸನ್ನು ತೆಗೆದಿಡಬಹುದು. ಬಚ್ಚಲ ದಾರಿಯಲ್ಲಿ ರಾತ್ರಿಯೆಲ್ಲ ದೀಪ ಉರಿಸಬಹುದು. ಕನ್ನಡಿಯಲ್ಲಿ ಯಾರೋ ನಿಂತಿದ್ದಾರೆಂದು ಹಿರಿಯರು ಬೆದರಿದರೆ ಅದಕ್ಕೊಂದು ಬಟ್ಟೆ ಇಳಿಬಿಡುವುದು ವಾದಿಸುವುದಕ್ಕಿಂತ ಲೇಸು. ಹಾಗೆಂದು ಕಣ್ಣಿನ ಪರೀಕ್ಷೆಯನ್ನು ಬಿಡತಕ್ಕದ್ದಲ್ಲ. ಕಣ್ಣಿನ ಪೊರೆಯೂ ಜೊತೆಗೂಡಿರಬಹುದು. ಅದನ್ನು ತೆಗೆಯಿಸಲು ದಾರಿಯಿದೆ. ವೈದ್ಯರ ಮುಂದೆ ಕುಳಿತಾಗ ಕನ್ನಡಕದ ಮಾತಷ್ಟೇ ಸಾಲದು. ತಟ್ಟೆಯಲ್ಲಿ ಉಳಿದ ಅನ್ನವನ್ನೂ, ಹೊಸಿಲಲ್ಲಿ ತಡೆದು ನಿಂತ ಕಾಲನ್ನೂ ಬಿಡದೆ ಹೇಳಬೇಕು.