ಗೂಟಕ್ಕೆ ನೇತಾಡುವ ಚೀಲ ಯಾರಿಗೆ ಬೇಕು?

ಹೋದ ತಿಂಗಳು ಕಮಲಾಪುರದ ಬಸ್ ನಿಲ್ದಾಣದಲ್ಲಿ ಬೆಂಗಳೂರಿನ ಹುಡುಗನೊಬ್ಬ ಸಿಕ್ಕಿದ್ದ. ದರೋಜಿ ಕರಡಿಧಾಮಕ್ಕೆ ಹೊರಟಿದ್ದ. 1994ರಲ್ಲಿ ಕರಡಿಧಾಮ ಆದಾಗಿನಿಂದ ಕ್ಯಾಮರಾ ಹೊತ್ತವರು ನಮ್ಮೂರಿಗೆ ಹೊಸಬರಲ್ಲ. ಆದರೆ ಈ ಹುಡುಗನ ಬೆನ್ನ ಮೇಲಿದ್ದ ಕರೀ ಚೀಲ ಅರ್ಧ ಮೂಟೆ ಶೇಂಗಾದಷ್ಟಿತ್ತು. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

“ದಿನಾ ಇಷ್ಟು ಹೊರ್ತೀಯೇನಪ್ಪಾ?” ಅಂದೆ.

“ದಿನಾ ಎಲ್ಲಿ ಸಾರ್, ವರ್ಷಕ್ಕೆ ಎರಡು ಸಲ. ಉಳಿದ ದಿನ ಮನೇಲೇ ಇರುತ್ತೆ” ಅಂದ.

ಆ ಮಾತು ನನಗೆ ಚುಚ್ಚಿತು. ಯಾಕಂದರೆ ಅದೇ ತಪ್ಪು ಮಾಡಿ ಕೈ ಸುಟ್ಟುಕೊಂಡವನು ನಾನು.

ಈ ಪತ್ರಿಕೆಗೆ ಬರೆಯುವವರು ರೈತರು, ಚಿತ್ರ ತೆಗೆಯುವವರೂ ಬಹುಮಟ್ಟಿಗೆ ರೈತರೇ. ಯಾವ ಕ್ಯಾಮರಾ ಒಳ್ಳೇದು ಅಂತ ಕೇಳುವವರು ಬಹಳ. ಅದನ್ನು ಯಾವ ಚೀಲದಲ್ಲಿ ಹೊರಬೇಕು ಅಂತ ಒಬ್ಬರೂ ಕೇಳಿದ್ದಿಲ್ಲ. ನನ್ನ ಅನುಭವದಲ್ಲಿ ಕ್ಯಾಮರಾಕ್ಕಿಂತ ಮೊದಲು ಯೋಚಿಸಬೇಕಾದ್ದು ಚೀಲವನ್ನೇ.

2016ರಲ್ಲಿ ನಮ್ಮ ತಂಗಿಯ ಮಗ ಹೊಸ ಕ್ಯಾಮರಾ ತಗೊಂಡು ಹಳೇದನ್ನು ನನಗೆ ಕೊಟ್ಟ. ಜೊತೆಗೆ ಎರಡು ಲೆನ್ಸು. ಚೀಲವನ್ನು ನಾನೇ ಹೊಸಪೇಟೆಯಲ್ಲಿ ಕೊಂಡೆ. ಅಂಗಡಿಯಲ್ಲಿ ಖಾಲಿ ಚೀಲ ಹೆಗಲಿಗೆ ಹಾಕಿ, ಕನ್ನಡಿ ಮುಂದೆ ನಿಂತು, ಖುಷಿಯಿಂದ ದುಡ್ಡು ಎಣಿಸಿದೆ. ಅಂಗಡಿಯವನ ತಪ್ಪು ಏನೂ ಇಲ್ಲ. ಖಾಲಿ ಚೀಲ ಯಾರಿಗೂ ಭಾರ ಅಲ್ಲ, ಅಷ್ಟೇ.

ಊರಿಗೆ ಬಂದು ಕಿರಾಣಿ ಅಂಗಡಿ ತಕ್ಕಡಿಯಲ್ಲಿ ತೂಗಿಸಿದೆ. ಚೀಲವೊಂದೇ ಒಂದೂವರೆ ಕಿಲೋ! ಕ್ಯಾಮರಾ, ಎರಡು ಲೆನ್ಸು, ಚಾರ್ಜರು ಎಲ್ಲಾ ಸೇರಿ ನಾಲ್ಕು ಕಿಲೋ ಹತ್ತಿರ. ಇದರ ಮೇಲೆ ಬುತ್ತಿ, ನೀರು. ಇನ್ನೊಂದು ಹೆಗಲಿಗೆ ಸಲಿಕೆ. ಕೆರೆ ಕೆಳಗಿನವರಿಗೆ ಹೊಲ ಮನೆ ಬಾಗಿಲಲ್ಲೇ ಐತಿ, ರಸ್ತೆ ಐತಿ. ನಮ್ಮದು ಕಾಲುವೆ ನೀರು ಹತ್ತದ ಮೇಲ್ಗಡೆಯ ಮಸಾರಿ ಹೊಲ. ಎರಡು ಮೈಲಿ ಕಲ್ಲುದಾರಿ, ನಡಕೊಂಡೇ ಹೋಗಬೇಕು. ಮೊದಲ ವಾರ ಹೊತ್ತೆ. ಎರಡನೇ ವಾರ ಬಲಗಡೆ ಕುತ್ತಿಗೆ ಹಿಡಕೊಂಡಿತು. ಮೂರನೇ ವಾರ “ಇವತ್ತು ಬ್ಯಾಡ, ನಾಳೆ ಒಯ್ಯೋಣ” ಅಂತ ಗೂಟಕ್ಕೆ ಹಾಕಿದೆ. ಹಾಕಿದ್ದು ಅಲ್ಲೇ ಉಳಿಯಿತು.

2018ರ ಮುಂಗಾರು. ಹಿಂದಿನ ರಾತ್ರಿ ಹದ ಮಳೆ ಬಿದ್ದಿತ್ತು. ಅಣ್ಣ ಕೂರಿಗೆ ಹೂಡಿದ್ದ. ಸಜ್ಜೆ, ನಡುವೆ ಅಕ್ಕಡಿಗೆ ತೊಗರಿ. ಅತ್ತಿಗೆ ಮಡಿಲಿನ ಬೀಜ ತೆಗೆದು ಬಟ್ಟಲಿಗೆ ಬಿಡುತ್ತಾ ಹಿಂದೆ ನಡೀತಿದ್ದಳು. ಮೋಡದ ಸಂದಿಯಿಂದ ಬಿಸಿಲು ಇಳಿದು ಕೆಂಪು ಮಣ್ಣು, ಬಿಳೀ ಎತ್ತು, ಅಣ್ಣನ ರುಮಾಲು ಎಲ್ಲಾ ಹೊಳೀತಿದ್ದವು. ನಾನು ಬದುವಿನ ಮೇಲೆ ನಿಂತು ನೋಡಿದೆ. ಕೈ ತಾನಾಗೇ ಹೆಗಲಿಗೆ ಹೋಯಿತು. ಹೆಗಲಲ್ಲಿ ಬರೀ ಟವೆಲ್ಲು. ಆಗ ನನ್ನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು.

“ಮುಂದಿನ ವರ್ಷ ತೆಗೆದರಾಯಿತು” ಅಂದುಕೊಂಡೆ. ಆ ದೀಪಾವಳಿ ಕಳೆದ ಮೇಲೆ ಅಣ್ಣ ಎತ್ತು ಮಾರಿದ. ಮರುವರ್ಷದಿಂದ ಬಾಡಿಗೆ ಟ್ರ್ಯಾಕ್ಟರ್ ಬಂತು. 2021ರಲ್ಲಿ ಅಣ್ಣನೂ ಹೋದ. ಈಗ ನಮ್ಮ ಪಡಸಾಲೆಯಲ್ಲಿ ಅಣ್ಣನ ಫೋಟೋ ಅಂತ ಇರುವುದು ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು. ನಲವತ್ತು ವರ್ಷ ಕೂರಿಗೆ ಹಿಡಿದ ಮನುಷ್ಯ ಅದರಲ್ಲಿ ಕಚೇರಿಯ ಬಿಳೀ ಗೋಡೆ ಮುಂದೆ ನಿಂತಿದ್ದಾನೆ.

ಆದ್ದರಿಂದ ಚೀಲದ ಬಗ್ಗೆ ನನ್ನ ಅಭಿಪ್ರಾಯ ಒಂದೇ. ಕ್ಯಾಮರಾವನ್ನು ಎಷ್ಟು ಚೆನ್ನಾಗಿ ಕಾಪಾಡುತ್ತದೆ ಅನ್ನುವುದು ಎರಡನೇ ಪ್ರಶ್ನೆ. ದಿನಾ ಮನೆ ಬಿಟ್ಟು ಹೊಲಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ಮೊದಲನೇದು.

ತೂಗಿ, ತುಂಬಿ, ನಡೆದು ನೋಡಿ

ಚೀಲ ಕೊಳ್ಳಲು ಹೋಗುವಾಗ ಸಾಮಾನು ಜೊತೆಗೇ ಒಯ್ಯಿರಿ. ತುಂಬಿ ಹೆಗಲಿಗೆ ಹಾಕಿ ಬಜಾರಿನಲ್ಲಿ ಒಂದು ಸುತ್ತು ನಡೆಯಿರಿ. ಬಗ್ಗಿ ಏಳಿರಿ. ಕಳೆ ಕೀಳುವವರಂತೆ ಕುಕ್ಕರುಗಾಲಲ್ಲಿ ಕೂಡಿರಿ. ಜನ ನಕ್ಕರೆ ನಗಲಿ. ಹೊಲದಲ್ಲಿ ಮಾಡುವುದು ಅದನ್ನೇ ತಾನೆ?

ಅದಕ್ಕೂ ಮೊದಲು ಮನೆಯಲ್ಲಿ ಸಾಮಾನು ಕಡಿಮೆ ಮಾಡಿ. ಚೀಲ ದೊಡ್ಡದಾದಷ್ಟು ತುಂಬುವ ಆಸೆ ಹೆಚ್ಚು. ನಾನು ಈಗ ಒಯ್ಯುವುದು ಕ್ಯಾಮರಾ, ಅದಕ್ಕೆ ಹಾಕಿದ ಒಂದೇ ಲೆನ್ಸು, ಇನ್ನೊಂದು ಬ್ಯಾಟರಿ, ಒರೆಸಲು ಹಳೇ ಹತ್ತಿ ಪಂಚೆಯ ತುಂಡು. ಹಕ್ಕಿ ಚಿತ್ರ ಬೇಕಾದ ದಿನ ಮಾತ್ರ ದೊಡ್ಡ ಲೆನ್ಸು. ಚಾರ್ಜರಿಗೆ ಹೊಲದಲ್ಲಿ ಏನು ಕೆಲಸ?

ಪಟ್ಟಿ ಮೂರು ಬೆರಳಿನಷ್ಟಾದರೂ ಅಗಲ ಇರಲಿ. ಸಣ್ಣ ಪಟ್ಟಿ ಹಗ್ಗದ ಹಾಗೆ ಹೆಗಲು ಕೊಯ್ಯುತ್ತದೆ. ಭಾರ ಅಷ್ಟೇ ಇದ್ದರೂ ಅಗಲ ಪಟ್ಟಿಯಲ್ಲಿ ಹಂಚಿಹೋಗುತ್ತದೆ. ಚೀಲ ಮೈಗೆ ಒತ್ತಿಕೊಂಡಿರಬೇಕು. ಜೋತುಬಿದ್ದರೆ ಹೆಜ್ಜೆಹೆಜ್ಜೆಗೂ ತೊಡೆಗೆ ಬಡಿಯುತ್ತದೆ, ಬಗ್ಗಿದರೆ ಎದೆಗೆ ಬಂದು ಬೀಳುತ್ತದೆ.

ಬೆನ್ನಿಗೋ, ಬಗಲಿಗೋ?

ಬೆನ್ನಚೀಲ ಎರಡೂ ಹೆಗಲಿಗೆ ಭಾರ ಹಂಚುತ್ತದೆ. ಸೊಂಟಕ್ಕೆ ಪಟ್ಟಿ ಇದ್ದರೆ ಒಂದಿಷ್ಟು ಭಾರ ಸೊಂಟಕ್ಕೂ ಇಳಿಯುತ್ತದೆ. ಮಾತಂಗ ಬೆಟ್ಟ ಹತ್ತುವವರಿಗೆ, ಸಂಡೂರಿನ ಕಾಡು ತಿರುಗುವವರಿಗೆ ಅದು ಸರಿ. ಆದರೆ ಚಿತ್ರ ಬೇಕಾದಾಗ ಇಳಿಸಬೇಕು, ನೆಲಕ್ಕೆ ಇಡಬೇಕು, ಬಿಚ್ಚಬೇಕು. ಅಷ್ಟರಲ್ಲಿ ಮುಂಗುಸಿ ಬೇಲಿ ದಾಟಿರುತ್ತದೆ. ಬೆನ್ನಿಗೆ ಗಾಳಿ ಆಡುವುದಿಲ್ಲ. ನಮ್ಮ ಸೀಮೆಯ ಬೇಸಿಗೆಯಲ್ಲಿ ಅದು ಸಣ್ಣ ಮಾತಲ್ಲ.

ಬಗಲಚೀಲದಲ್ಲಿ ಕೈ ಹಾಕಿದರೆ ಕ್ಯಾಮರಾ ಸಿಗುತ್ತದೆ. ಆದರೆ ಭಾರ ಒಂದೇ ಕಡೆ. ಎಡಹೆಗಲಿಂದ ಬಲಸೊಂಟಕ್ಕೆ ಅಡ್ಡಲಾಗಿ ಹಾಕಿ, ಅರ್ಧ ದಾರಿಗೆ ಬದಲಾಯಿಸಿದರೆ ಕುತ್ತಿಗೆ ಉಳಿಯುತ್ತದೆ. ದಿನದ ಹೊಲದ ಕೆಲಸಕ್ಕೆ ನನ್ನ ಮತ ಬಗಲಚೀಲಕ್ಕೇ, ಒಳಗಿನ ಭಾರ ಎರಡು ಕಿಲೋ ದಾಟದಿದ್ದರೆ.

ನಮ್ಮ ಹಿರಿಯರು ಸಂತೆಗೆ ಹೋಗುವಾಗ ಹಸಿಬೆ ಚೀಲ ಹಾಕುತ್ತಿದ್ದರು. ಉದ್ದನೆಯ ಚೀಲ, ನಡುವೆ ಬಾಯಿ, ಎರಡು ತುದಿಗೆ ಎರಡು ಹೊಟ್ಟೆ. ಒಂದು ಎದೆಗೆ, ಒಂದು ಬೆನ್ನಿಗೆ. ಭಾರ ಸಮ, ಕೈ ಎರಡೂ ಖಾಲಿ. ಅದನ್ನು ಕಂಡುಹಿಡಿದವರು ಯಾವ ಕಾಲೇಜಿಗೂ ಹೋದವರಲ್ಲ, ಭಾರ ಹೊತ್ತವರು. ಇವತ್ತಿನ ಚೀಲ ಮಾಡುವವರು ಒಂದು ದಿನ ನಮ್ಮ ಹೊಲದಲ್ಲಿ ತಮ್ಮ ಚೀಲ ಹೊತ್ತು ನಡೆದರೆ ಅದರ ರೂಪವೇ ಬದಲಾದೀತು.

ಧೂಳು, ಮುಳ್ಳು, ಮಳೆ, ಔಷಧಿ

ಎಳೆದರೆ ಚರ್ ಅನ್ನುವ ಅಂಟುಪಟ್ಟಿಯ ಮುಚ್ಚಳ ಹೊಲಕ್ಕೆ ಆಗದು. ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ ಎಂಬಾತ 1941ರಲ್ಲಿ ಬಟ್ಟೆಗೂ ನಾಯಿಯ ಮೈಗೂ ಅಂಟಿಕೊಂಡ ಮುಳ್ಳುಕಾಯಿ ನೋಡಿ ಈ ಪಟ್ಟಿಯ ಉಪಾಯ ಹೊಳೆಯಿಸಿಕೊಂಡನಂತೆ. ಹುಟ್ಟಿದ್ದೇ ಮುಳ್ಳಿನಿಂದ, ಮುಳ್ಳು ಕಂಡರೆ ಬಿಡುತ್ತದೆಯೇ? ಉತ್ತರಾಣಿ, ಹುಲ್ಲಿನ ಮುಳ್ಳು ಎಲ್ಲಾ ಹಿಡಿದು ಎರಡು ತಿಂಗಳಲ್ಲಿ ಅಂಟುವುದನ್ನೇ ಬಿಟ್ಟಿತು. ಅದರ ಸದ್ದಿಗೆ ಹಕ್ಕಿಯೂ ಹಾರಿಹೋಗುತ್ತದೆ. ಗುಂಡಿ ಅಥವಾ ಬಕಲು ವಾಸಿ. ಜಿಪ್ಪು ಇದ್ದರೆ ಧೂಳು ಒರೆಸಿ ಮೇಣದಬತ್ತಿ ಉಜ್ಜಿ, ಸರಾಗ ಓಡುತ್ತದೆ.

ಕರೀ ಬಣ್ಣ ಬೇಡ. ಬಿಸಿಲಿಗೆ ಕಾಯುತ್ತದೆ. ಖಾಕಿ, ಮಣ್ಣಿನ ಬಣ್ಣ ಒಳ್ಳೇದು.

ಗೊಬ್ಬರದ ಚೀಲದ ಒಳಹಾಳೆ ಮಳೆಗೆ ಆಗುತ್ತದೆ ಅಂತ ನಾನೂ ಒಮ್ಮೆ ಸುತ್ತಿದ್ದೆ. ಹಾಗೆ ಮಾಡಬೇಡಿ. ಯೂರಿಯಾ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಗೊಬ್ಬರದ ಉಪ್ಪು ಲೋಹ ತಿನ್ನುತ್ತದೆ. ಔಷಧಿ ಹಚ್ಚಿದ ಬೀಜದ ಚೀಲವೂ ಬೇಡ. ಕೀಟನಾಶಕದ ಬಾಟಲಿಯನ್ನಂತೂ ಯಾವತ್ತೂ ಈ ಚೀಲಕ್ಕೆ ಹಾಕಬಾರದು. ಕ್ಯಾಮರಾ ಹೋದರೆ ಹೋಗಲಿ, ಪಕ್ಕದಲ್ಲಿ ಬುತ್ತಿ ಇರುತ್ತದೆ.

ಮಳೆಗಾಲದಲ್ಲಿ ಒದ್ದೆ ಚೀಲದಲ್ಲೇ ಕ್ಯಾಮರಾ ಮುಚ್ಚಿಟ್ಟರೆ ಲೆನ್ಸಿಗೆ ಬೂಷ್ಟು ಬರುತ್ತದೆ. ಮನೆಗೆ ಬಂದ ಕೂಡಲೇ ಹೊರಗೆ ತೆಗೆದು ಚೀಲ ಒಣಗಿಸಿ. ಸಿಲಿಕಾ ಜೆಲ್ ಪೊಟ್ಟಣ ಎರಡು ಒಳಗಿರಲಿ.

ದರ್ಜಿ ಹೊಲಿದ ಚೀಲ

ನನ್ನ ಈಗಿನ ಚೀಲ ದರ್ಜಿ ಹೊಲಿದದ್ದು. ದಪ್ಪ ಕ್ಯಾನ್ವಾಸು, ಅಗಲ ಪಟ್ಟಿ, ಬಕಲಿನ ಮುಚ್ಚಳ. ಒಳಗಿನ ಮೆತ್ತೆಯನ್ನು ಹಳೇ ಚೀಲದಿಂದಲೇ ಕತ್ತರಿಸಿ ಕೂಡಿಸಿದೆವು. ಬಟ್ಟೆ, ಹೊಲಿಗೆ ಸೇರಿ ಆರುನೂರು ರೂಪಾಯಿ. ಖಾಲಿ ತೂಕ ಅರ್ಧ ಕಿಲೋ. ನೋಡಲು ಅಂಚೆಯಣ್ಣನ ಚೀಲದ ಹಾಗೆ ಐತಿ. ಒಳಗೆ ಕ್ಯಾಮರಾ ಐತಿ ಅಂತ ಯಾರಿಗೂ ತಿಳಿಯುವುದಿಲ್ಲ, ಅದೂ ಒಂದು ಲಾಭ.

ನಮ್ಮ ಪಕ್ಕದ ಸಂಡೂರಿನಲ್ಲಿ ಕುಶಲ ಕಲಾ ಕೇಂದ್ರದ ಲಂಬಾಣಿ ಹೆಣ್ಣುಮಕ್ಕಳು ಇದ್ದಾರೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ಆದಾಗ 450ಕ್ಕೂ ಹೆಚ್ಚು ಹೆಣ್ಣುಮಕ್ಕಳ 1755 ಕಸೂತಿ ವಸ್ತುಗಳನ್ನು ಇಟ್ಟು ಗಿನ್ನೆಸ್ ದಾಖಲೆ ಆಯಿತು. ಕನ್ನಡಿ ಹಚ್ಚಿದ ಚೀಲ ಹೊಲಕ್ಕೆ ಆಗದು, ಬಿಸಿಲಿಗೆ ಮಿಂಚುತ್ತದೆ. ಆದರೆ ಬಟ್ಟೆ ಮೇಲೆ ಬಟ್ಟೆ ಇಟ್ಟು ಒತ್ತಾಗಿ ಹೊಲಿಯುವ ಆ ಕೈಗಳು ಕನ್ನಡಿ ಇಲ್ಲದ ಸಾದಾ ಕ್ಯಾಮರಾ ಚೀಲ ಹೊಲಿದರೆ, ಪೇಟೆಯ ಚೀಲಕ್ಕೆ ಕೊಡುವ ದುಡ್ಡು ನಮ್ಮ ತಾಂಡಾಗಳಲ್ಲೇ ಉಳಿದೀತು. ಸಂಬಂಧಪಟ್ಟವರು ಯೋಚಿಸಲಿ.

“ಮೊಬೈಲ್ ಇದ್ದಮೇಲೆ ಇದೆಲ್ಲಾ ಯಾಕೆ?” ಅನ್ನುವವರಿದ್ದಾರೆ. ಜೇಬಿನಲ್ಲಿರುವ ಮೊಬೈಲು ಮನೆಯಲ್ಲಿರುವ ಕ್ಯಾಮರಾಕ್ಕಿಂತ ಒಳ್ಳೇದು, ಒಪ್ಪುತ್ತೇನೆ. ಫಸಲ್ ಬಿಮಾದವರಿಗೆ ಆಲಿಕಲ್ಲು ಹಾನಿಯನ್ನು 72 ಗಂಟೆಯೊಳಗೆ ತಿಳಿಸುವಾಗ ಮೊಬೈಲಿನ ಚಿತ್ರವೇ ಕೆಲಸಕ್ಕೆ ಬರುತ್ತದೆ. ಆದರೆ ಸಜ್ಜೆ ತೆನೆ ಮೇಲಿನ ದೂರದ ಹಕ್ಕಿಗೆ, ಪತ್ರಿಕೆಯ ಮುಖಪುಟಕ್ಕೆ ಕ್ಯಾಮರಾ ಬೇಕು. ಇದ್ದವರು ಹೊರಲಿ, ಇಲ್ಲದವರು ಮೊಬೈಲಿನಲ್ಲೇ ತೆಗೆಯಲಿ.

1856ರಲ್ಲಿ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಹಂಪಿಯ ಗುಡಿಗಳ ಚಿತ್ರ ತೆಗೆದ. ಆಗ ಫಿಲ್ಮ್ ಇರಲಿಲ್ಲ, ಮೇಣ ಹಚ್ಚಿದ ದೊಡ್ಡ ಕಾಗದದ ಮೇಲೆ ಚಿತ್ರ ಹಿಡಿಯಬೇಕಿತ್ತು. ಆ ಪೆಟ್ಟಿಗೆ ಒಬ್ಬನ ಹೆಗಲಿನ ಭಾರ ಆಗಿರಲಿಕ್ಕಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ 127 ವರ್ಷದಲ್ಲಿ ಯಾವ ಕಲ್ಲು ಬಿತ್ತು, ಯಾವುದು ನಿಂತಿತು ಅಂತ ತಿಳಿಯುತ್ತದೆ. ಕಲ್ಲಿಗೆ ಆ ಪುಣ್ಯ ಸಿಕ್ಕಿತು. ನಮ್ಮ ಕೂರಿಗೆಗೆ, ಅಕ್ಕಡಿ ಸಾಲಿಗೆ, ಹಗೇವಿಗೆ ಅಂಥ ಗ್ರೀನ್‌ಲಾ ಯಾರೂ ಬರಲಿಲ್ಲ, ಬರುವುದೂ ಇಲ್ಲ. ನಾವೇ ಹೊರಬೇಕು.

ನನ್ನ ಚೀಲ ಈಗ ಬುತ್ತಿಯ ಜೊತೆಗೇ ಹೊರಡುತ್ತದೆ. ಗೂಟಕ್ಕೆ ಟವೆಲ್ಲು ಹಾಕಿದ್ದೇವೆ. ನಿಮ್ಮ ಚೀಲ ಹೇಗಿದೆ, ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ.